ಗುಟ್ಟ

ಗುಡಿಬಂಡೆಗೆ ಬಂದ ಹೊಸದರಲ್ಲಿ
ಯಾರೋ ಕಿಟಕಿಯಾಚೆ ಕೈ ತೋರಿಸಿ ‘ಅದು ಗುಟ್ಟ’ ಎಂದರು.
ನಾನು ದನಿ ತಗ್ಗಿಸಿ, ‘ಏನ್ರಿ ಅಂಥಾ ಗುಟ್ಟು?’ ಎಂದೆ.
ಸ್ಟಾಫ್ ರೂಮಿಗೆ ರೂಮೇ ನಕ್ಕಿತು.
ಹಾವೇರಿಯವಳಿಗೆ ಗುಡ್ಡ ಗೊತ್ತು.
ಇದೂ ಅದೇ ಗುಡ್ಡ,
ತೆಲುಗಿನ ಬಿಸಿಲಿಗೆ ಒಣಗಿ ಗಟ್ಟಿಯಾದದ್ದು.

ಚೀಲವಿಲ್ಲದ ಶನಿವಾರ. ಏಳನೇ ತರಗತಿ.
ಮೂವತ್ತೊಂದು ಮಕ್ಕಳು, ಒಂದು ಸೀಟಿ,
ಗಿಡ ಒತ್ತಿಡಲು ಹಳೇ ಪೇಪರಿನ ಕಟ್ಟು,
ಬೇಯಿಸಿದ ಮೊಟ್ಟೆಯ ಡಬ್ಬಿ ಹೊತ್ತ ಬಾಬಾಜಾನ್:
‘ಒಡೆದರೆ ಒಡೀಲಿ ಮಿಸ್, ತಿನ್ನೋದೇ ತಾನೆ.’
ಹೆಡ್‌ಮಾಸ್ಟರ ಷರಾ ಕೆಂಪು ಶಾಯಿಯಲ್ಲಿ:
ಬಂಡೆ ಹತ್ತಿಸಬಾರದು, ನೀರಿಗಿಳಿಸಬಾರದು,
ಹನ್ನೊಂದೂವರೆಗೆ ವಾಪಸ್.
ಉದ್ದೇಶ: ಹತ್ತು ಗಿಡ ಗುರುತಿಸಿ ಹೆಸರು ಬರೆಯುವುದು.

ಹೆಸರು.
ಎಡವಿದ್ದು ಅಲ್ಲೇ.

‘ಇದು?’ ‘ಜಿಲ್ಲೇಡು ಮಿಸ್.’
ಎಕ್ಕ ಎಂದು ಬರೆಯಿರಿ.
‘ಇದು?’ ‘ಕಾನುಗ.’
ಹೊಂಗೆ ಎಂದು ಬರೆಯಿರಿ.
ಗಂಗರಾಜುವಿನ ಬರಿಗಾಲಿಗೆ ನೆಗ್ಗಿಲಮುಳ್ಳು ಚುಚ್ಚಿತು;
‘ಪಲ್ಲೇರು!’ ಎಂದು ಕುಂಟಿಕೊಂಡು ಕುಣಿದ.
ಅದನ್ನು ತಿದ್ದಲು ನನಗೆ ಬಾಯಿ ಬರಲಿಲ್ಲ.
ನೋಯುವಾಗ ಯಾರು ಪಠ್ಯಪುಸ್ತಕ ನೋಡುತ್ತಾರೆ?

ಒಂದೇ ಒಂದು ಕಡೆ ನನ್ನ ಕನ್ನಡ ಗೆದ್ದಿತು.
ಬದುವಿನ ಒದ್ದೆಯಲ್ಲಿ ನಾಚುವ ಸೊಪ್ಪು,
ಅವರಿಗದು ಅತ್ತಿಪತ್ತಿ.
‘ಮುಟ್ಟಿದರೆ ಮುನಿ’ ಎಂದೆ.
ಒಂದು ಕ್ಷಣ ಸದ್ದಿಲ್ಲ.
ಆಮೇಲೆ ಬಿಸಿಯೂಟದ ಮುನಿಯಮ್ಮ ನೆನಪಾಗಿ
(ಸೌಟು ಮುಟ್ಟಿದರೆ ಸಾಕು ಸಿಡಿಯುತ್ತಾರೆ)
ಬಂಡೆಗಳೆಲ್ಲ ಕೇಕೆ ಹಾಕಿದವು.

ಹೆಸರಿಗೆ ಮೌನಿಕ, ಬಾಯಿ ಮಾತ್ರ ಬಸ್ ಸ್ಟ್ಯಾಂಡು:
‘ಮಿಸ್, ಅಲ್ಲಿ ಚಿಂತ ಚೆಟ್ಟು, ನೆರಳಿದೆ, ಕೂರೋಣ.’
ನನಗೆ ಕೇಳಿದ್ದು ಚಿಂತೆಯ ಮರ.
ಹೋಗಿ ನೋಡಿದರೆ ಹುಣಸೆ.
‘ನಮ್ಮನೇಲಿ ಇಮ್ಲಿ’ ಎಂದ ಬಾಬಾಜಾನ್,
ಒಡೆದ ಮೊಟ್ಟೆಗಳನ್ನು ಮೊದಲು ತನಗೇ ಎಣಿಸಿಕೊಳ್ಳುತ್ತ.

ಆ ಜೂನಿನಲ್ಲಿ ನನ್ನ ಕೈಚೀಲದೊಳಗೆ
ವರ್ಗಾವಣೆಯ ಅರ್ಜಿ, ನಾಲ್ಕು ಮಡಿಕೆಯಾಗಿ.
ತುಂಬದೆ ಬಿಟ್ಟಿದ್ದು ಕಾರಣದ ಕಾಲಂ ಒಂದೇ.
ಮೇಲೆ ಹತ್ತಿದವರು ಚಿಗುರು ಕಿತ್ತು ಎಸೆದರು,
ಅರ್ಧ ನನ್ನ ಸೆರಗಿಗೆ, ಅರ್ಧ ತಲೆಗೆ.
(ಮರ ಹತ್ತಬಾರದೆಂದು ಷರಾದಲ್ಲಿ ಇರಲಿಲ್ಲ.)
ತಿಂದೆ. ಹುಳಿಗೆ ಎರಡೂ ಕಣ್ಣು ಮುಚ್ಚಿದವು.
‘ಹೆಂಗಿದೆ ಮಿಸ್?’
ಛಲೋ ಐತಿ ಎಂದುಬಿಟ್ಟೆ.
ಆ ಮಾತನ್ನು ಮೂವತ್ತೊಂದು ಬಾಯಿ
ದಾರಿಯುದ್ದಕ್ಕೂ ಉರುಳಾಡಿಸಿದವು,
ಛಲೋ ಐತಿ, ಛಲೋ ಐತಿ, ಹೊಸ ಗೋಲಿ ಸಿಕ್ಕವರಂತೆ.

ಒಂಬತ್ತಾಗಿತ್ತು. ಹತ್ತನೆಯದು ಸಿಕ್ಕಿದ್ದು
ಎರಡು ಬಂಡೆ ಕೂಡುವ ಬಿರುಕಿನಲ್ಲಿ.
ಹೆಬ್ಬೆರಳಿನುದ್ದ. ಸಾಸಿವೆಯಷ್ಟು ಹೂ,
ನೇರಳೆ ಎನ್ನಲೂ ಆಗದ, ನೀಲಿ ಎನ್ನಲೂ ಆಗದ ಬಣ್ಣ.
ಪುಸ್ತಕದಲ್ಲಿ ಇಲ್ಲ. ನನ್ನ ಊರಲ್ಲಿ ನೋಡಿಲ್ಲ.
ಮೌನಿಕಳಿಗೂ ಗೊತ್ತಿಲ್ಲ; ಆ ದಿನ ಅವಳು ಸುಮ್ಮನಾದದ್ದು ಅಷ್ಟೇ ಹೊತ್ತು.
ಕುರಿಮನೆಯ ನರಸಿಂಹನನ್ನು ಮುಂದೆ ತಳ್ಳಿದರು.
ಅವನು ಮೊಣಕಾಲೂರಿ, ಮೂಸಿ,
ತಲೆ ಕೆರೆದು, ‘ಏಮೋ’ ಎಂದ.
ಏನೋ, ಯಾರಿಗೆ ಗೊತ್ತು, ಎಂದರ್ಥ.

ಮೂವತ್ತೊಂದು ಪೆನ್ಸಿಲ್ ಒಟ್ಟಿಗೆ ಬಗ್ಗಿದವು.

ಸೋಮವಾರ ಹೆಡ್‌ಮಾಸ್ಟರು ನೋಟ್‌ಬುಕ್ ತಿರುವಿ
ಕನ್ನಡಕ ಮೇಲೆತ್ತಿದರು:
‘ಇದೇನು ಮೇಡಂ, ಹತ್ತನೇ ಗಿಡ ಏಮೋ?’
‘ಹೌದ್ರಿ ಸರ್’ ಎಂದೆ.
ಎಲ್ಲರೂ ಒಂದೇ ಹೆಸರು ಬರೆದದ್ದು
ಅದೊಂದಕ್ಕೇ.

ಗಿಡ ಈಗಲೂ ಹಳೇ ಪೇಪರಿನ ನಡುವೆ
ಅಡಿಕೆ ಧಾರಣೆಯ ಪುಟದಲ್ಲಿ ಒಣಗುತ್ತಿದೆ.
ಕೆಳಗೆ ನರಸಿಂಹನ ಡೊಂಕು ಅಕ್ಷರ,
ಸಿಕ್ಕ ಜಾಗ: ಗುಟ್ಟ.
ಕೆಂಪು ಪೆನ್ನಿನ ಮುಚ್ಚಳ ತೆಗೆದವಳು
ಹಾಗೇ ಹಾಕಿಟ್ಟೆ.